ನಿಯತ್ತುಗೆಟ್ಟೋಳು ಅನ್ನಿಸಿಕೊಂಡ ಅವ್ವ

ನಮ್ಮ ಕಡೆ ಉಂಡ ಮನೆಯ ಕೈ ಬಿಟ್ಟು ಹೋದವರಿಗೆ ‘ನಿಯತ್ತುಗೆಟ್ಟೋರು’ ಅಂತಾರೆ. ಸಾಕಿದ ಕೋಳಿ ಪಕ್ಕದ ಹಿತ್ತಲಲ್ಲಿ ಮೊಟ್ಟೆ ಇಟ್ಟರೂ ಅವ್ವ ಅದಕ್ಕೆ ಹಂಗೇ ಬೈಯುತ್ತಿದ್ದಳು, ನಾವು ನಗುತ್ತಿದ್ದೆವು. ಮನುಷ್ಯರಿಗೆ ಅಂದಾಗ ಮಾತ್ರ ಅದು ನಗುವ ಮಾತಲ್ಲ. ಆ ಹೆಸರು ಬಂದವರನ್ನು ಓಣಿಯಲ್ಲಿ ಯಾರೂ ಕೆಲಸಕ್ಕೆ ಕರೆಯುವುದಿಲ್ಲ.

ಹರಿಹರದ ಒಂದು ಖಾನಾವಳಿಯಲ್ಲಿ ಅವ್ವ ವರ್ಷಗಟ್ಟಲೆ ರೊಟ್ಟಿ ಬಡಿದಳು. ಆ ದುಡಿಮೆಯಲ್ಲೇ ನಾನು ದಿನಾ ದಾವಣಗೆರೆಗೆ ಬಸ್ಸಿನಲ್ಲಿ ಓಡಾಡಿ ಬಿ.ಎ. ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಹೋದ ವರ್ಷ ಖಾನಾವಳಿ ನಡೆಸುವ ಅಕ್ಕ ರೊಟ್ಟಿ ಮಿಷನ್ ತರಿಸಿದರು. “ಸೋಮವಾರದಿಂದ ಬರೋದು ಬ್ಯಾಡ ತಂಗಿ” ಅಂದರು. ಅಷ್ಟೇ.

ಅವ್ವ ಮನೆಯಲ್ಲೇ ರೊಟ್ಟಿ ಮಾಡಿ ಮಾರತೊಡಗಿದಳು. ಸ್ವಲ್ಪ ದಿನಕ್ಕೆ ಖಾನಾವಳಿಯ ಗಿರಾಕಿಗಳೇ ಹುಡುಕಿಕೊಂಡು ಬಂದರು. ಹಿಗ್ಗುವುದು ಬಿಟ್ಟು ಅವ್ವ ಹೆದರಿದಳು.

“ಅವರ ಗಿರಾಕಿ ಕಿತ್ಕೊಂಡಂಗಾತಲ್ಲೇ. ಇರೋ ಹಿಟ್ಟು ಮುಗೀಲಿ, ಆಮೇಲೆ ಬ್ಯಾಡ.”

“ಬ್ಯಾಡ ಅಂದಿದ್ದು ಅವರು, ನೀನಲ್ಲ.”

“ಓದಿದೋರ ಲೆಕ್ಕ ಬ್ಯಾರೆ. ಸುಮ್ನಿರು.”

ಹಿಟ್ಟು ಮುಗಿಯುವ ಮುಂಚೆ ಅಕ್ಕನೇ ಬಂದರು. ಹೊಸ್ತಿಲ ಹೊರಗೆ ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದರು: “ನನ್ನ ಮನಿ ಅನ್ನ ಉಂಡು ನನ್ನ ಗಿರಾಕಿಗೇ ಕೈ ಹಾಕಿದ್ಯಲ್ಲ, ನಿಯತ್ತುಗೆಟ್ಟೋಳೆ!”

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಎದ್ದು ಬಂದಳು.

“ಜ್ವರ ಬಂದಾಗ್ಲೂ ನಿಮ್ಮ ರೊಟ್ಟಿ ಹಂಚು ತಣ್ಣಗಿರಾಕೆ ಬಿಡಲಿಲ್ಲ ಅಕ್ಕಾರ. ನೀವೇ ಬರಬ್ಯಾಡ ಅಂದ್ರಿ. ನಿಯತ್ತಿನ ಮಾತು ನನಗೊಬ್ಬಳಿಗೇ ಯಾಕ್ರಿ?”

ಆ ಬೈಗುಳ ಯಾವಾಗಲೂ ಅನ್ನ ಹಾಕಿದವರ ಬಾಯಿಂದ ಉಂಡವರ ಮೇಲೆ ಬೀಳುವುದು. ಅದನ್ನು ಯಾರಾದರೂ ತಿರುಗಿ ಕೇಳಿದ್ದನ್ನು ನಾನು ಅವತ್ತೇ ಮೊದಲು ಕಂಡೆ. ದುಡಿಸಿಕೊಂಡವರಿಗೂ ನಿಯತ್ತು ಇರಬೇಕು ಅನ್ನೋದು ನನಗೆ ಯಾವ ಕ್ಲಾಸಿನಲ್ಲೂ ಹೊಳೆದಿರಲಿಲ್ಲ.

ಅಕ್ಕ ಹೊಸ್ತಿಲ ಬಳಿಯೇ ಚಪ್ಪಲಿ ಬಿಟ್ಟರು. ಆಮೇಲೆ ಒಳಗೆ ಬಂದು ಕುಂತು ನೀರು ಕೇಳಿದರು.

“ಮಿಷನ್ ರೊಟ್ಟಿ ರಟ್ಟಿನಂಗೈತೆ ಅಂತಾರೆ ಎಲ್ಲಾರೂ. ವಾಪಸ್ ಬಾ ತಂಗಿ.”

“ಬರಲ್ರಿ. ಬೇಕಂದ್ರೆ ಇಲ್ಲಿಂದ ತರಿಸ್ಕೊಳ್ರಿ.”

“ಅಬಾಬಾ, ಈಗ ನಾನು ನಿನ್ನ ಗಿರಾಕಿ ಆದ್ನಾ?”

“ಹೂನ್ರಿ. ಬಿಸೀವೇ ಕಟ್ತೀನಿ, ಕಾಳಜಿ ಬ್ಯಾಡ.”

ಅಕ್ಕನ ಮುಖದಲ್ಲಿ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೂ ನಕ್ಕರು.

ಮರುದಿನ ಅವ್ವ ಒಂದು ಚೀಲ ಜೋಳ ಗಿರಣಿಗೆ ಹಾಕಿಸಿದಳು.