ಬೆಸಗರಹಳ್ಳಿ ಮದುವೆಯ ಬಾಕು

ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲಿಗೆ ಮುದ್ರೆ ಒತ್ತಲು ಅರಗು ಕರಗಿಸುವಾಗ ಏಳುವ ವಾಸನೆ ನಿಮಗೂ ಗೊತ್ತಿರಬೇಕು. ಅದು ಮೂಗಿಗೆ ಬಿದ್ದರೆ ಸಾಕು, ಮಳವಳ್ಳಿಯ ನಮ್ಮ ಮನೆಯ ಪಡಸಾಲೆ ಕಣ್ಣಮುಂದೆ ಬರುತ್ತದೆ. ಗೋಡೆಗೊರಗಿ ತನ್ನ ಕೆಲಸದ ಮಣೆಯ ಮೇಲೆ ಕೂತ ಅಪ್ಪ, ಎದುರಿಗೆ ಅಣ್ಣಯ್ಯ, ನಡುವೆ ಇದ್ದಿಲ ಕುಲುಮೆ, ತಿದಿ ಒತ್ತುವ ನಾನು. ನಾವು ಅಕ್ಕಸಾಲಿಗರು. ನಮ್ಮ ಸೀಮೆಯಲ್ಲಿ ಮದುವೆಗಂಡು ಬಾಕು ಹಿಡಿದು, ಅದರ ತುದಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಹಸೆಗೇರುತ್ತಾನೆ. ಅನುಕೂಲಸ್ಥರು ಆ ಬಾಕಿನ ಹಿಡಿಗೆ ಚಿನ್ನ ಹೊದಿಸಿ ಕೆಂಪುಕಲ್ಲು ಕೂರಿಸಿಕೊಳ್ಳಲು ನಮ್ಮಲ್ಲಿಗೆ ಬರುತ್ತಿದ್ದರು. ಯುದ್ಧದ ಕಾಲದಲ್ಲಿ ಅದೂ ಅಪರೂಪವಾಯಿತು. ಆಗಲೇ ಬೆಸಗರಹಳ್ಳಿಯ ದೊಡ್ಡ ಮನೆಯೊಂದರಿಂದ ಕೆಲಸ ಬಂತು. ಅಪ್ಪನ ಕಣ್ಣು ಮಂಜಾಗಿತ್ತು. "ಈ ಸಲ ಕಲ್ಲು ನೀನೇ ಕೂರ್ಸ್ಲಾ. ಅವ್ರು ಒಪ್ಪುದ್ರೆ ಈ ಮಣೆ ನಿಂದು" ಎಂದು ಅಣ್ಣಯ್ಯನಿಗೆ ಹೇಳಿದ.

ಅಣ್ಣಯ್ಯ ಊಟ ನಿದ್ದೆ ಮರೆತು ಕೂತ. ಹಿಡಿಯ ಗುಳಿಗಳಿಗೆ ಅರಗು ತುಂಬಿ, ಮೇಲೆ ಕನ್ನಡಿಯಂತೆ ಹೊಳೆಯುವ ತೆಳು ತಗಡು ಇಟ್ಟು, ಅದರ ಮೇಲೆ ಕಲ್ಲಿರಿಸಿ ತೇವ ಇಳಿಯದಂತೆ ಸುತ್ತ ಚಿನ್ನದ ಅಂಚು ಒತ್ತಿದ. ದಾಳಿಂಬೆ ಬಿರಿದಂತಿತ್ತು. ಬೆಸಗರಹಳ್ಳಿಯವರು ನೋಡಲು ಬರುವ ಹಿಂದಿನ ದಿನ ಅವನು ಪೇಟೆಗೆ ಹೋದಾಗ ಹಿಡಿಯ ಮೇಲೆ ಮಸಿ ಕಂಡಿತು. ಅವ್ವನ ಓಲೆ ತೊಳೆದಂತೆ ಬಿಸಿ ಹುಣಸೆನೀರಿನಲ್ಲಿ ಅದ್ದಿ ಉಜ್ಜಿದೆ. ಅರಗು ಮೆತ್ತಗಾಗುತ್ತದೆ, ತಗಡಿಗೆ ನೀರಿಳಿದರೆ ಕಲ್ಲು ಸಾಯುತ್ತದೆ ಎಂದು ನನಗೆ ಯಾರು ಹೇಳಿದ್ದರು? ತಿದಿ ಒತ್ತಲು ಬೇಕಿದ್ದ ಹೆಣ್ಣುಮಗಳಿಗೆ ಕಸುಬಿನ ಒಂದು ಮಾತೂ ಕಲಿಸಿರಲಿಲ್ಲ. ಬೆಳಗಾಗುವಷ್ಟರಲ್ಲಿ ಕಲ್ಲುಗಳು ಹಳೇ ಗಾಯದ ಹಾಗೆ ಕಪ್ಪಿಟ್ಟಿದ್ದವು.

"ಈ ಕುರುಡ್ ಬಾಕು ಇಡ್ಕೊಂಡು ನನ್ ಮಗ ಅಸೆ ಏರ್ಬೇಕಾ, ಆಚಾರ್ರೇ?" ಎಂದರು ಗಂಡಿನ ತಂದೆ. ಅಪ್ಪ ಅಣ್ಣಯ್ಯನ ಕಡೆ ತಿರುಗಿದ: "ಅಂಚು ಒತ್ತೋಕೂ ಬರಾಕಿಲ್ವಲ್ಲೋ ನಿಂಗೆ." ನಾನು ಬಾಗಿಲ ಸಂದಿಯಲ್ಲಿದ್ದೆ. ತೊಳೆದದ್ದು ನಾನು ಎಂದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಅಣ್ಣಯ್ಯ ತನ್ನ ಎರಡೂ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಅವನು ಆ ಮಣೆಯ ಮೇಲೆ ಕೂರಲೇ ಇಲ್ಲ. ಮಂಡ್ಯಕ್ಕೆ ಹೋಗಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ಇಳಿಸುವ ಕೆಲಸಕ್ಕೆ ಸೇರಿದ. ಸ್ವಾತಂತ್ರ್ಯ ಬರುವ ಹೊತ್ತಿಗೆ ಅಪ್ಪನೂ ಇರಲಿಲ್ಲ, ಕುಲುಮೆಯೂ ಇರಲಿಲ್ಲ.

ಎಷ್ಟೋ ವರ್ಷದ ಮೇಲೆ, ಅಪ್ಪನ ತಿಥಿಗೆ ಸೇರಿದಾಗ ಕೊನೆಗೂ ಬಾಯಿಬಿಟ್ಟೆ. ಅಣ್ಣಯ್ಯ ಎಲೆ ಅಡಿಕೆ ಮಡಿಸುತ್ತ ಕೇಳಿದ, ನಕ್ಕ.

"ನನ್ ಮನ್ಸಿಗೆ ಸಮಾದಾನ ಆಗ್ಲಿ ಅಂತ ಏಳ್ತಿದ್ದೀಯ. ಬುಡು."

"ಅಪ್ಪನಾಣೆ ಕಣಣ್ಣಯ್ಯ, ನಾನೇ ತೊಳ್ದಿದ್ದು."

"ಸತ್ತೋರ್ ಮ್ಯಾಲೆ ಸುಳ್ಳಾಣೆ ಇಕ್ಬೇಡ ಕಣೆ. ನನ್ ಕೈಲೇ ಆ ಗುಣ ಇರ್ನಿಲ್ಲ."

ಅಳು ಬರಲಿಲ್ಲ, ಸಿಟ್ಟು ಬಂತು. ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಅಷ್ಟು ವರ್ಷ ತನ್ನ ಕೈಯನ್ನೇ ದೂರಿಕೊಂಡು ಬದುಕಿದವನಿಗೆ ನನ್ನ ನಿಜ ಎಲ್ಲಿಗೂ ತಾಗಲಿಲ್ಲ. ಈಗ ಅವನೂ ಇಲ್ಲ. ಅವನ ಮಕ್ಕಳು ಬಂದವರೆದುರು, "ನಮ್ಮಪ್ಪಂಗೆ ಕಸ್ಬು ಕೈಗೆ ಅತ್ನಿಲ್ಲ" ಎನ್ನುತ್ತಾರೆ. ನಾನು ತಿದ್ದಲು ಹೋದರೆ, ಅತ್ತೆಗೆ ಅಣ್ಣನ ಮೇಲೆ ಎಷ್ಟು ಪ್ರೀತಿ ಎಂದು ನನ್ನನ್ನೇ ಹೊಗಳುತ್ತಾರೆ.