ಕಾರ್ಯಸೂಚಿಯ ಆರನೆಯ ಪುಟ

ಹೇಗ್ ಪಟ್ಟಣದಲ್ಲಿ, ಜಗತ್ತಿನ ರಾಸಾಯನಿಕ ಅಸ್ತ್ರಗಳನ್ನು ಹುಡುಕಿ ನಾಶ ಮಾಡಿಸುವ ಸಂಸ್ಥೆಯೊಂದರ ನೆಲಮಾಳಿಗೆಯಲ್ಲಿ ಲಿಡವೈ ಕೋರ್ವಿಂಗ್ ಇಪ್ಪತ್ಮೂರು ವರ್ಷದಿಂದ ಕೂತಿದ್ದಳು. ಬಂದದ್ದು ಮೂರು ತಿಂಗಳ ಬದಲಿ ಕೆಲಸಕ್ಕೆ. ಅಪ್ಪ ಸ್ಖೇವನಿಂಗನ್ ಬಂದರಿನಲ್ಲಿ ಹೆರಿಂಗ್ ಮೀನು ಮಾರುತ್ತಿದ್ದ; ಮಗಳು ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಆದರೂ ಆ ಸಂಸ್ಥೆ ಹೊರಡಿಸಿದ ಒಂದೊಂದು ಅಧಿಕೃತ ದಾಖಲೆಯನ್ನೂ ಆರು ಭಾಷೆಗಳ ಪ್ರತಿ ಜೋಡಿಸಿ, ನಂಬರು, ದಿನಾಂಕ, ವಿಷಯ ನಮೂದಿಸಿ ಕ್ಯಾಟಲಾಗಿಗೆ ಸೇರಿಸಿದವಳು ಅವಳೇ. ಮೇಲಿನ ಸಭಾಂಗಣದಲ್ಲಿ ರಾಯಭಾರಿಗಳು ಮಾತಾಡಿ ಮನೆಗೆ ಹೋಗುತ್ತಾರೆ. ಆಡಿದ ಮಾತು ಉಳಿಯುವುದು ಕೆಳಗೆ, ಇವಳ ಕೈಯಲ್ಲಿ. ಇದು ಮೇಲಿನವರಿಗೆ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಪುರುಸೊತ್ತೂ ಇರಲಿಲ್ಲ.

ಅವಳಿಗೆ ಒಂದೇ ಒಂದು ಚಟ. ಯಾವ ದಾಖಲೆ ಬಂದರೂ ಕೊನೆಯ ಪುಟದವರೆಗೆ ಓದದೆ ಕೆಳಗಿಡುತ್ತಿರಲಿಲ್ಲ. ಹೊಸದಾಗಿ ಬಂದ ಮುಖ್ಯಸ್ಥ ಎವರ್ಟ್ ಸ್ಲಿಂಗರ್‌ಲಾಂಡನಿಗೆ ಇದನ್ನು ನೋಡಿದರೆ ಮೈ ಉರಿಯುತ್ತಿತ್ತು. ಮೂವತ್ನಾಲ್ಕರ ಹುಡುಗ, ಎಲ್ಲವನ್ನೂ ನಿಮಿಷದಲ್ಲಿ ಅಳೆಯುವವನು.

"ಲಿಡವೈ, ಒಂದು ದಾಖಲೆಗೆ ಇಪ್ಪತ್ತು ನಿಮಿಷಾನಾ? ಹೆಸರು, ನಂಬರು, ದಿನಾಂಕ. ಮುಗೀತಲ್ಲ."

"ಬುಟ್ಟಿ ಮೇಲಿನ ಮೀನು ನೋಡಿ ಇಡೀ ಬುಟ್ಟಿ ಕೊಳ್ಳೋರನ್ನ ನಮ್ಮಪ್ಪ ಬೇಕಾದಷ್ಟು ನೋಡಿದ್ದ, ಎವರ್ಟ್. ಅಂಥೋರು ಬಂದ್ರೆ ಅವನಿಗೆ ಹಬ್ಬ."

"ಆಯ್ತು, ಹಳೇ ಕಾರ್ಯಸೂಚಿಗಳನ್ನಾದರೂ ಬಿಡು ಮಾರಾಯ್ತಿ. ಎಲ್ಲಾ ಸೇರಿಸಿ ಒಂದು ಸಾಲು ಬರೆದು ಹಾಕು. ಮುಗಿದುಹೋದ ಸಭೆಯ ಕಾರ್ಯಸೂಚಿ ಯಾರಿಗೆ ಬೇಕು?"

ಲಿಡವೈ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಕಾರ್ಯಸೂಚಿಯಲ್ಲಿ ಪ್ರತಿ ವಿಷಯದ ಕೆಳಗೂ ಮೂರು ನಾಲ್ಕು ಸಾಲಿನ ವಿವರಣೆ ಇರುತ್ತದೆ: ಯಾವ ದೇಶ ಏನು ತಿಳಿಸಿದೆ, ಏನು ಒಪ್ಪಿದೆ ಎಂದು. ಕೆಲಸದ ಹೊತ್ತಿನಲ್ಲಿ ಓದಿದರೆ ತಾನೇ ತಂಟೆ? ಊಟದ ಬಿಡುವಿನಲ್ಲಿ ಎಡಗೈಯಲ್ಲಿ ಚೀಸ್ ಬ್ರೆಡ್ಡು, ಬಲಗೈಯಲ್ಲಿ ಕಾರ್ಯಸೂಚಿ ಹಿಡಿದು ಕೂತಳು. ಎರಡು ವರ್ಷದಲ್ಲಿ ಎಲ್ಲವನ್ನೂ ಮತ್ತೊಮ್ಮೆ ಓದಿ, ಯಾವ ಪುಟದಲ್ಲಿ ಯಾರ ಮಾತಿದೆ ಎಂದು ಕ್ಯಾಟಲಾಗಿನ ಟಿಪ್ಪಣಿಯಲ್ಲಿ ತುಂಬಿಸಿಬಿಟ್ಟಳು. ಎವರ್ಟ್ ಆ ಟಿಪ್ಪಣಿಗಳನ್ನು ತೆರೆದು ನೋಡಿದವನೇ ಅಲ್ಲ.

ಆ ನವೆಂಬರಿನ ವಾರ್ಷಿಕ ಸಭೆಯ ಕೊನೆಯ ದಿನ, ಹನ್ನೊಂದೂವರೆಗೆ, ಗುಡ್ಡಗಾಡಿನ ಪುಟ್ಟ ದೇಶವೊಂದರ ಪ್ರತಿನಿಧಿ ಸಲೋಮೆ ನೆಲಮಾಳಿಗೆಗೆ ಓಡಿ ಬಂದಳು. ಅವಳ ಊರಿನ ಶಾಲೆಯ ಪಕ್ಕ ಒಂದು ಕಲ್ಲುಗಣಿ. ಅದರಲ್ಲಿ ನೆರೆಯ ದೊಡ್ಡ ದೇಶದ ಸೈನ್ಯ ಅರವತ್ತು ವರ್ಷದ ಹಿಂದೆ ಬಿಟ್ಟುಹೋದ ವಿಷದ ಶೆಲ್ಲುಗಳು. ಕಳೆದ ವಸಂತದಲ್ಲಿ ಚೆಂಡು ಹೆಕ್ಕಲು ಇಳಿದ ಇಬ್ಬರು ಮಕ್ಕಳ ಕೈತುಂಬ ಬೊಬ್ಬೆ ಎದ್ದಿತ್ತು. ತೆಗೆದುಕೊಂಡು ಹೋಗಿ ಎಂದರೆ ದೊಡ್ಡ ದೇಶದವರದು ಒಂದೇ ಪಲ್ಲವಿ: ನಮ್ಮವೆಂದು ಎಂದಾದರೂ ಒಪ್ಪಿದ್ದರೆ ಕಾಗದ ತೋರಿಸಿ.

"ಒಂದು ಗಂಟೆಗೆ ಸಭೆ ಮುಗಿಯುತ್ತೆ. ಈಗ ಆಗದಿದ್ರೆ ಮುಂದಿನ ವರ್ಷವೇ," ಎಂದಳು ಸಲೋಮೆ. "ಅಲ್ಲೀತನಕ ಮಕ್ಕಳನ್ನ ಕಟ್ಟಿಹಾಕೋಕಾಗುತ್ತಾ?"

ಎವರ್ಟ್ ಶೀರ್ಷಿಕೆಗಳಲ್ಲೆಲ್ಲ ಊರಿನ ಹೆಸರು ಹುಡುಕಿ ಕೈಚೆಲ್ಲಿದ. "ಇಲ್ಲ ಮೇಡಂ. ನಮ್ಮಲ್ಲಿ ಇಲ್ಲ ಅಂದ್ರೆ ಇಲ್ಲ."

"ಏಳು, ಕುರ್ಚಿ ಬಿಡು," ಎಂದಳು ಲಿಡವೈ. ಟಿಪ್ಪಣಿಗಳಲ್ಲಿ 'ಕಲ್ಲುಗಣಿ' ಎಂದು ಹುಡುಕಿದಳು. ಒಂದೇ ಒಂದು ಸಾಲು ಬಂತು. ಹತ್ತೊಂಬತ್ತು ವರ್ಷದ ಹಿಂದಿನ ಸಭೆಯ ಕಾರ್ಯಸೂಚಿ, ಆರನೆಯ ಪುಟ. ಕಪಾಟಿನಿಂದ ತೆಗೆದು ಸಲೋಮೆಯ ಮುಂದೆ ಹಿಡಿದಳು. ಆ ಶೆಲ್ಲುಗಳು ತನ್ನ ಸೈನ್ಯದವೆಂದೂ ತೆಗೆಯುವ ಹೊಣೆ ತನ್ನದೆಂದೂ ದೊಡ್ಡ ದೇಶ ತಿಳಿಸಿದೆ ಎಂದು ಅಚ್ಚಾಗಿತ್ತು. ಆ ವರ್ಷ ಹೊತ್ತು ಸಾಲದೆ ವಿಷಯ ಚರ್ಚೆಗೇ ಬರಲಿಲ್ಲ. ಆಮೇಲೆ ಎಲ್ಲರೂ ಮರೆತರು. ಸಲೋಮೆ ಆ ಪುಟವನ್ನು ಮೂರು ಸಲ ಓದಿದಳು.

"ಬರೀ ಕಾರ್ಯಸೂಚಿ ಅಂತ ತಳ್ಳಿಹಾಕ್ತಾರೆ," ಎಂದ ಎವರ್ಟ್. ಅವನ ದನಿ ಸಣ್ಣಗಾಗಿತ್ತು.

"ಹಾಕಲಿ, ನೋಡೋಣ," ಎಂದು ಲಿಡವೈ ಅದೇ ಸಭೆಯ ವರದಿಯನ್ನೂ ಎಳೆದುಕೊಂಡು ಮೆಟ್ಟಿಲು ಹತ್ತಿದಳು. ಐವತ್ತೆರಡರ ಹೆಂಗಸು, ಲಿಫ್ಟಿಗೆ ಕಾಯಲಿಲ್ಲ.

ಸಭಾಂಗಣದಲ್ಲಿ ಎವರ್ಟ್ ಹೇಳಿದಂತೆಯೇ ಆಯಿತು. ದೊಡ್ಡ ದೇಶದ ಪ್ರತಿನಿಧಿ ಪುಟವನ್ನು ಬೆರಳ ತುದಿಯಲ್ಲಿ ದೂರ ಸರಿಸಿದ. "ಇದು ನಿರ್ಣಯವಲ್ಲ. ಕಚೇರಿಯವರು ಬರೆದ ಕಾರ್ಯಸೂಚಿ, ಅಷ್ಟೆ."

ಲಿಡವೈ ಆ ಸಭೆಯ ವರದಿಯನ್ನು ತೆರೆದು ಸಲೋಮೆಯ ಕೈಗಿಟ್ಟಳು. ಸಲೋಮೆ ಎದ್ದು ನಿಂತು ನಿಧಾನವಾಗಿ ಓದಿದಳು: ಸಭೆ ಕಾರ್ಯಸೂಚಿಯನ್ನು ವಿವರಣೆಗಳ ಸಮೇತ ಸರ್ವಾನುಮತದಿಂದ ಅಂಗೀಕರಿಸಿತು, ಯಾರ ಆಕ್ಷೇಪವೂ ಇರಲಿಲ್ಲ.

ಪ್ರತಿ ಸಭೆಯ ಮೊದಲ ಕೆಲಸವೇ ಕಾರ್ಯಸೂಚಿಯ ಅಂಗೀಕಾರ. ಅಧ್ಯಕ್ಷರು ಕೇಳುತ್ತಾರೆ, ಯಾರೂ ತಲೆ ಎತ್ತುವುದಿಲ್ಲ, ಸುತ್ತಿಗೆ ಬೀಳುತ್ತದೆ. ಹತ್ತೊಂಬತ್ತು ವರ್ಷದ ಹಿಂದೆ ದೊಡ್ಡ ದೇಶವೂ ಹಾಗೆಯೇ, ಕಾಫಿ ಕಲಕುತ್ತ, ತನ್ನ ಹೊಣೆಗೆ ತಾನೇ ಮುದ್ರೆ ಒತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು.

"ಆ ದಿನ ನಿಮ್ಮ ದೇಶದ ಆಸನ ಖಾಲಿ ಇತ್ತೆ?" ಎಂದು ಅಧ್ಯಕ್ಷರು ಕೇಳಿದರು.

ಹಾಜರಾತಿ ಪಟ್ಟಿ ವರದಿಯ ಕೊನೆಯಲ್ಲೇ ಇತ್ತು. ಪ್ರತಿನಿಧಿ ಅದನ್ನು ನೋಡಿ, ಮೈಕ್ ಮುಚ್ಚಿ, ಹತ್ತು ನಿಮಿಷ ತನ್ನ ರಾಜಧಾನಿಯ ಜೊತೆ ಫೋನಿನಲ್ಲಿ ಮಾತಾಡಿದ. ಒಂದಕ್ಕೆ ಮೂರು ನಿಮಿಷವಿರುವಾಗ ಮೈಕ್ ತೆರೆದು, ತನ್ನ ದೇಶ ಮಾತಿಗೆ ಬದ್ಧ, ಚಳಿ ಕಳೆದ ಕೂಡಲೇ ಗಣಿ ತೆರವಾಗುತ್ತದೆ ಎಂದ. ಸುತ್ತಿಗೆ ಬಿತ್ತು. ಈ ಸಲ ಎಲ್ಲರೂ ತಲೆ ಎತ್ತಿ ನೋಡಿದರು.

ಹೊರಗಿನ ಕಾರಿಡಾರಿನಲ್ಲಿ ಎವರ್ಟ್ ಕತ್ತಿನ ಗುಂಡಿ ಬಿಚ್ಚುತ್ತ ನಿಂತಿದ್ದ. "ಲಿಡವೈ, ಆ ಕಾರ್ಯಸೂಚಿಗಳ ವಿಷಯ…"

"ಹೇಳಪ್ಪ."

"ಏನಿಲ್ಲ. ನಾನು ತಪ್ಪು ಹೇಳಿದ್ದೆ."

"ಹೌದು, ತಪ್ಪೇ," ಎಂದು ಅವಳು ಧಾರಾಳವಾಗಿ ಒಪ್ಪಿಕೊಂಡಳು. ಹೆಮ್ಮೆಯಾಗಿತ್ತು, ಮುಚ್ಚಿಡುವ ಮನಸ್ಸಿರಲಿಲ್ಲ.

ಅಷ್ಟರಲ್ಲಿ ಸಲೋಮೆ ಊರಿನ ಶಾಲೆಗೆ ಫೋನು ಹಚ್ಚಿದ್ದಳು. ಅಲ್ಲಿ ಶಾಲೆ ಬಿಡುವ ಹೊತ್ತು. ಮುಖ್ಯೋಪಾಧ್ಯಾಯಿನಿಗೆ ತನ್ನ ಭಾಷೆಯಲ್ಲಿ ಪಟಪಟನೆ ಏನೋ ಹೇಳಿದಳು, ಅತ್ತಳು, ಮತ್ತೆ ಹೇಳಿದಳು. ಆಕೆ ಅಂಗಳದ ಮಕ್ಕಳಿಗೆ ಸುದ್ದಿ ಮುಟ್ಟಿಸಿದ ಮೇಲೆ ಸಲೋಮೆ ಫೋನನ್ನು ಲಿಡವೈಯ ಕಿವಿಗೆ ಒತ್ತಿ ಹಿಡಿದಳು. ದೂರದ ಅಂಗಳವೊಂದರಲ್ಲಿ ನೂರಾರು ಮಕ್ಕಳು ಒಂದೇ ಸಮನೆ ಏನನ್ನೋ ಕೂಗುತ್ತಿದ್ದರು.

"ಏನು ಕೂಗ್ತಿದಾರೆ?" ಎಂದಳು ಲಿಡವೈ.

"ನಿಮ್ಮ ಹೆಸರು," ಎಂದಳು ಸಲೋಮೆ.