ಆಷಾಢದ ಗಾಳಿಯನ್ನು ನಂಬಿದ ಕೆರೆ

ಇದನ್ನು ಬರೆಯಬೇಕೆಂದು ಪ್ರತಿ ಆಷಾಢದಲ್ಲೂ ಅಂದುಕೊಂಡು ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ. ಕೊರೊನಾ ಕಳೆದ ಮರುವರ್ಷದ ಮಾತು. ಶಿವನಿ ಎಂಬ ಊರಿನ ಹತ್ತಿರದ ಕೆರೆಯೊಂದರಲ್ಲಿ ಮೀನು ಸಾಕುತ್ತಿದ್ದ ಸಂಘದಲ್ಲಿ ನಾನು ಫೀಲ್ಡ್ ಅಸಿಸ್ಟೆಂಟ್. ಓದಿದ್ದು ಎಸ್ಸೆಸ್ಸೆಲ್ಸಿ, ಕೆಲಸ ಕಲಿತದ್ದು ಮಂಗಳೂರಿನ ಮೀನುಗಾರಿಕೆ ತರಬೇತಿಯಲ್ಲಿ.

ಅಲ್ಲಿ ಮೇಷ್ಟ್ರು ನಮ್ಮನ್ನು ಕಡಲ ದಡದಲ್ಲಿ ನಿಲ್ಲಿಸಿ ಅಲೆ ಒಡೆದು ನೊರೆಯಾಗುವುದನ್ನು ತೋರಿಸಿದ್ದರು. ಗಾಳಿ ಜೋರಾದಷ್ಟೂ ನೀರಿನ ಮೇಲ್ಪದರ ಕದಡುತ್ತದೆ. ಒಡೆದ ಅಲೆ ಗುಳ್ಳೆಗಳನ್ನು ಒಳಕ್ಕೆ ಒಯ್ಯುತ್ತದೆ. ಆಗ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಎರಡೂ ನೀರಿಗೂ ಆಕಾಶಕ್ಕೂ ನಡುವೆ ಬೇಗ ಓಡಾಡುತ್ತವೆ. ಕಡಲಿಗೂ ಕೆರೆಗೂ ಒಂದೇ ನಿಯಮ.

ಮೀನಿನ ಆಹಾರ ಬೆಳೆಯಲೆಂದು ಕೆರೆಗೆ ಸಗಣಿ ಹಾಕುವುದುಂಟು. ಅದು ಕೊಳೆಯುವಾಗ ಆಕ್ಸಿಜನ್ ತಿನ್ನುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಹಾಕಬೇಕು. ಆಷಾಢದ ಗಾಳಿ ಹೇಗೂ ಬೀಸುತ್ತದೆಂದು ನಾನು ಎರಡು ಟ್ರ್ಯಾಕ್ಟರ್ ಲೋಡು ಒಮ್ಮೆಲೇ ಸುರಿಸಿದೆ. ಆ ವರ್ಷ ಗಾಳಿ ಬೀಸಲಿಲ್ಲ. ಮೋಡ ಕವಿದು, ಒಂದೆಲೆಯೂ ಅಲುಗಲಿಲ್ಲ. ಮೂರನೆಯ ಬೆಳಿಗ್ಗೆ ಕಾಟ್ಲಾ ಮೀನುಗಳು ಉಸಿರಿಗಾಗಿ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು.

ಈರುಳ್ಳಿ ಹೊಲಗಳಿಗೆ ಬಾಡಿಗೆಗೆ ಔಷಧಿ ಹೊಡೆಯುತ್ತಿದ್ದ ನನ್ನ ಗೆಳೆಯನಿಗೆ ಫೋನ್ ಮಾಡಿದೆ. ಪವರ್ ಸ್ಪ್ರೇಯರನ್ನು ಚೆನ್ನಾಗಿ ತೊಳೆದುಕೊಂಡು ಬಂದ.

"ಲೇ, ಕೆರೆ ನೀರು ತಗ್ದು ಕೆರೆಗೇ ಹೊಡಿಯೋದಾ? ಓದ್ದೋರ ಕೆಲ್ಸನೇ ಹಿಂಗೆ ಕಣೋ."

"ನೀರು ಗಾಳೀಲಿ ಹಾರ್ಲಿ. ಅಲೆ ಮಾಡೋ ಕೆಲ್ಸ ಇದು ಮಾಡ್ತದೆ."

ಮಧ್ಯಾಹ್ನದವರೆಗೂ ಹೊಡೆದ. ಅರ್ಧ ಮೀನು ಉಳಿಯಿತು; ಇನ್ನರ್ಧ ಸತ್ತು ದಡಕ್ಕೆ ಬಿತ್ತು. ಆಗ ಸಂಘದ ಅಧ್ಯಕ್ಷರು ಊರವರೊಂದಿಗೆ ಬಂದರು.

"ಔಷಧಿ ಮಿಷಿನ್ನು ಕೆರೆಗಿಟ್ಟವ್ನೆ, ಮೀನು ಸಾಯ್ದೆ ಇನ್ನೇನಾಗ್ತವೆ?"

ಗೆಳೆಯ ನನ್ನ ಮುಖ ನೋಡಿದ. ಸಗಣಿ ಸುರಿಸಿದ್ದು ನಾನೇ ಎಂಬ ಒಂದು ಮಾತು ಸಾಕಿತ್ತು. ಕೆಲಸ ಹೋಗುವ ಭಯಕ್ಕೆ ನಾನು ನೀರು ನೋಡುತ್ತಾ ನಿಂತೆ. ಅವನು ಪೈಪು ಸುತ್ತಿಕೊಂಡು ಹೋದ. ಆಮೇಲೆ ಊರಿನಲ್ಲಿ ಅವನನ್ನು ಯಾರೂ ಹೊಲಕ್ಕೆ ಕರೆಯಲಿಲ್ಲ. ಮಿಷಿನ್ನು ಮಾರಿ ಕಡೂರಿಗೆ ಹೋಗಿ ಪಂಕ್ಚರ್ ಅಂಗಡಿ ಇಟ್ಟ.

ಈಗಲೂ ಕಡೂರಿಗೆ ಹೋದರೆ ಅವನೇ ಕೂಗಿ ಕರೆದು ಟೀ ಕುಡಿಸುತ್ತಾನೆ. "ಏನಪ್ಪಾ, ನಿಮ್ಮ ಕೆರೇಲಿ ಇವತ್ತು ಗಾಳಿ ಹೆಂಗೈತೆ?" ಎಂದು ನಗುತ್ತಾನೆ. ನಾನೂ ನಕ್ಕು ಟೀ ಕುಡಿದು ಬಸ್ಸು ಹತ್ತುತ್ತೇನೆ.

ಬೀಸದ ಗಾಳಿಯನ್ನು ನಂಬಿ ಕೆರೆಗೆ ಭಾರ ಹಾಕಬಾರದೆಂದು ಆ ಕೆಲಸ ಕಲಿಸಿತು. ಆ ಭಾರವನ್ನು ನನ್ನ ಬದಲು ಹೊತ್ತವನ ಹೆಸರು ಬಸಣ್ಣ.